ಎಣಿಕೆಯ ಬಾಗಿಲೂ ಬೆಲೆಯ ಬಾಗಿಲೂ

ಹಣವನ್ನೂ ಬಿಡುವನ್ನೂ ಕೂಡಿಸಿಕೊಂಡು ದೇಶಾಂತರ ಸಂಚಾರಕ್ಕೆ ಹೊರಡುವ ವಿದ್ಯಾವಂತರಲ್ಲಿ ಈಚೆಗೆ ಒಂದು ಆಕ್ಷೇಪವು ಬಲವಾಗುತ್ತಿರುವುದು. ಕಡಲ ನಡುವಣ ಇಂಥ ದ್ವೀಪಕ್ಕೆ ದಿನವೊಂದಕ್ಕೆ ಇಷ್ಟೇ ಮಂದಿ ಹೋಗತಕ್ಕದ್ದೆಂದು ಸರ್ಕಾರದವರು ಕಟ್ಟಳೆ ಮಾಡಿರುವರಂತೆ. ಕಡಲು ಯಾರ ಪಿತ್ರಾರ್ಜಿತ? ದೋಣಿಯಿದೆ, ದೋಣಿಗೆ ಕೊಡಲು ಹಣವಿದೆ, ಹೋಗಿಬರಲು ಅಡ್ಡಿಯೇನು? ಎಂಬುದೇ ಆ ಆಕ್ಷೇಪ. ಇದರ ಬೆನ್ನಿಗೇ ಇನ್ನೊಂದು ಮಾತು ಬರುವುದು. ಜನಸಂದಣಿಯನ್ನು ತಡೆಯಲೇಬೇಕೆಂದಿದ್ದರೆ ಪ್ರವೇಶದ ಬೆಲೆಯನ್ನೇರಿಸಿದರಾಯಿತು. ಬೇಕಾದವರು ಕೊಟ್ಟು ಹೋಗುವರು, ಬೇಡವಾದವರು ಮನೆಯಲ್ಲಿರುವರು. ಹೆಸರು ಬರೆಸುವುದು, ಅನುಮತಿ ಬೇಡುವುದು, ಕಾಯುವುದು, ಈ ಉಪದ್ರವವೆಲ್ಲ ಏತಕ್ಕೆ? ಮೊದಲನೆಯದು ಅವಿಚಾರದ ಮಾತು. ಎರಡನೆಯದು ಅಪಾಯದ ಮಾತು. ಮೊದಲನೆಯದನ್ನು ಆಡುವವರು ಅನೇಕರು, ಎರಡನೆಯದನ್ನು ಆಡುವವರು ಬುದ್ಧಿವಂತರು. ಆದುದರಿಂದಲೇ ಎರಡನೆಯದರ ವಿಷಯದಲ್ಲಿ ಹೆಚ್ಚಿನ ಎಚ್ಚರಿಕೆಯು ಬೇಕಾಗಿರುವುದು.

ವಾದವು ಗಾಳಿಯಲ್ಲಿ ನಡೆಯುವುದಕ್ಕಿಂತ ಒಂದು ಸ್ಥಳವನ್ನು ಹಿಡಿದು ನಡೆಯುವುದು ಲೇಸು. ಸ್ಪೇನ್ ದೇಶದ ವಾಯವ್ಯ ಕೊನೆಯಲ್ಲಿ ಗಲೀಸಿಯ ಎಂಬ ಪ್ರಾಂತವಿರುವುದು. ಅಲ್ಲಿಯ ವೀಗೊ ಪಟ್ಟಣದ ಬಳಿ ಕಡಲು ನೆಲದೊಳಕ್ಕೆ ನೀಳವಾಗಿ ಚಾಚಿಕೊಂಡಿದೆ. ಆ ಚಾಚಿನ ಬಾಯಿಗೆ ಅಡ್ಡಲಾಗಿ, ಅಗುಳಿ ಹಾಕಿದಂತೆ, ಸೀಎಸ್ ಎಂಬ ಮೂರು ದ್ವೀಪಗಳು ನಿಂತಿವೆ. ಪಡುವಣ ಮಗ್ಗುಲಿನಲ್ಲಿ ಕಡಿದಾದ ಬಂಡೆಗಳು ಅಟ್ಲಾಂಟಿಕ್ ಮಹಾಸಾಗರದ ಅಲೆಗಳನ್ನು ಎದೆಗೊಟ್ಟು ತಡೆಯುತ್ತವೆ; ಆ ಬಂಡೆಗಳ ಮೇಲೆ ಗಲ್ ಹಕ್ಕಿಗಳೂ ನೀರುಕಾಗೆಯ ಕುಲದ ಹಕ್ಕಿಗಳೂ ಗೂಡು ಮಾಡುತ್ತವೆ. ಮೂಡಣ ಮಗ್ಗುಲಿನಲ್ಲಿ ಎರಡು ದ್ವೀಪಗಳನ್ನು ಒಂದಕ್ಕೊಂದು ಕೂಡಿಸಿರುವ ರೋದಾಸ್ ಎಂಬ ಬೆಳ್ಮರಳಿನ ದಂಡೆಯು ಒಂದು ಕಿಲೋಮೀಟರಿಗೂ ಮಿಕ್ಕು ಬಿಲ್ಲಿನಂತೆ ಬಾಗಿ ಮಲಗಿದೆ. ಅದರ ಹಿಂದೆ ತಿಳಿನೀರಿನ ಕೊಳ. ಈ ದ್ವೀಪಗಳನ್ನು ನೆರೆಯ ಬೇರೆ ದ್ವೀಪಗಳೊಡನೆ ಸೇರಿಸಿ 2002ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಸಾರಲಾಯಿತು. ಅದೇ ವರ್ಷದ ನವೆಂಬರ್ ತಿಂಗಳಿನಲ್ಲಿ ಪ್ರೆಸ್ಟೀಜ್ ಎಂಬ ಎಣ್ಣೆಯ ಹಡಗು ಒಡೆದು ಮುಳುಗಿ, ಅದರ ಕರಿಯ ಜಿಡ್ಡು ಈ ದಂಡೆಗಳಿಗೂ ಬಂದು ಮೆತ್ತಿಕೊಂಡಿತು. ಅದನ್ನು ಬಳಿದು ತೆಗೆಯಲು ಬಂದ ಜನರ ಕೈಗಳಿಗೆ ಲೆಕ್ಕವಿರಲಿಲ್ಲ. ಐದು ವರ್ಷ ಕಳೆದು 2007ರಲ್ಲಿ ಇಂಗ್ಲೆಂಡಿನ ಗಾರ್ಡಿಯನ್ ಪತ್ರಿಕೆಯು ರೋದಾಸನ್ನು ಜಗತ್ತಿನ ಅತ್ಯುತ್ತಮ ಕಡಲದಂಡೆಯೆಂದು ಹೊಗಳಿತು. ಎಣ್ಣೆಗಿಂತ ಹೊಗಳಿಕೆಯು ಅಂಟು ಹೆಚ್ಚಿನದೆಂಬುದು ಆಮೇಲೆ ತಿಳಿದುಬಂದಿತು.

ಅಲ್ಲಿಗೆ ಹೋಗಬೇಕೆನ್ನುವವನು ಮಾಡಿಕೊಳ್ಳಬೇಕಾದ ಏರ್ಪಾಟು ಹೀಗಿದೆ. ಬೇಸಗೆಯ ಹಂಗಾಮಿನಲ್ಲಿ ದಿನವೊಂದಕ್ಕೆ ಸೀಎಸ್ ದ್ವೀಪಗಳಿಗೆ ಹಗಲು ಸಂಚಾರಕ್ಕೆ ಹೋಗತಕ್ಕವರ ಮಿತಿ 1,800. ಮೊದಲು ಪ್ರಾಂತಸರ್ಕಾರದ ಜಾಲತಾಣದಲ್ಲಿ ಹೋಗುವ ದಿನವನ್ನು ಸೂಚಿಸಿ, ಹೆಸರನ್ನೂ ಗುರುತುಚೀಟಿಯ ಸಂಖ್ಯೆಯನ್ನೂ ಕೊಟ್ಟು ಅನುಮತಿಯನ್ನು ಪಡೆಯಬೇಕು. ಇದಕ್ಕೆ ಕಾಸಿಲ್ಲ. ಅನುಮತಿಯ ಅಂಕವು ಕೈಸೇರಿದ ಮೇಲೆ ದೋಣಿಯವರಲ್ಲಿ ಟಿಕೆಟ್ಟು ಕೊಳ್ಳಬೇಕು. ಆ ಅಂಕವಿಲ್ಲದೆ ದೋಣಿಯವನು ಟಿಕೆಟ್ಟು ಮಾರುವಂತಿಲ್ಲ. ವೀಗೊದಿಂದ ದೋಣಿಗೆ ಸುಮಾರು ಮುಕ್ಕಾಲು ಗಂಟೆಯ ಪಯಣ. ದ್ವೀಪದಲ್ಲಿ ಮೋಟಾರು ಬಂಡಿಯಿಲ್ಲ, ವಸತಿಗೃಹವಿಲ್ಲ. ರಾತ್ರಿ ತಂಗಬೇಕೆನ್ನುವವರಿಗೆ ನಿಗದಿಯಾದ ಒಂದು ಬಿಡಾರದ ಬಯಲು ಮಾತ್ರ. ಕಸದ ತೊಟ್ಟಿಯೂ ಇಲ್ಲ. ತಂದ ಬುತ್ತಿಯ ಕಾಗದವನ್ನೂ ಹಣ್ಣಿನ ಸಿಪ್ಪೆಯನ್ನೂ ಬಂದವನೇ ಕಟ್ಟಿಕೊಂಡು ಮರಳಬೇಕು. ಸ್ವಂತ ಹಾಯಿದೋಣಿಯುಳ್ಳ ಶ್ರೀಮಂತನಿಗೂ ಬಿನಾಯಿತಿಯಿಲ್ಲ. ಆ ನೀರಿನಲ್ಲಿ ಸಂಚರಿಸಲೂ ಲಂಗರು ಹಾಕಲೂ ಅವನು ಬೇರೆ ಅನುಮತಿಗಳನ್ನು ಪಡೆಯಬೇಕು. ಹೀಗಿರಲು, ಮೊದಲು ವಿಮಾನದ ಟಿಕೆಟ್ಟನ್ನೂ ವೀಗೊದ ವಸತಿಗೃಹವನ್ನೂ ಗೊತ್ತುಮಾಡಿ, ಕಟ್ಟಕಡೆಗೆ ಬಂದರಕ್ಕೆ ಹೋಗಿ ದೋಣಿಯನ್ನು ಕೇಳುವವನು ಬರಿಗೈಯಲ್ಲಿ ಹಿಂದಿರುಗಿ ಸರ್ಕಾರವನ್ನು ಬೈಯುವುದು ನ್ಯಾಯವಲ್ಲ. ಲಗ್ನವನ್ನು ಗೊತ್ತುಮಾಡದೆ ಛತ್ರವನ್ನು ಹಿಡಿದವನ ಬೈಗುಳ ಅದು.

ಟಿಕೆಟ್ಟು ಬೇರೆ, ಅನುಮತಿ ಬೇರೆ ಎಂಬ ಈ ವಿಭಾಗವು ಸುಮ್ಮನೆ ಹುಟ್ಟಿದ್ದಲ್ಲ. ಎರಡು ಸಲ ಅರ್ಜಿ ಹಾಕಿಸುವ ಗುಮಾಸ್ತರ ಚಪಲವೂ ಅಲ್ಲ. 2017ಕ್ಕೆ ಮುಂಚೆಯೂ ಸೀಎಸ್ ದ್ವೀಪಗಳಿಗೆ ಮಿತಿಯಿದ್ದಿತು. ಆಗ ಅದು 2,200. ಆದರೆ ಎಷ್ಟು ಜನರನ್ನು ಒಯ್ದೆವೆಂಬ ಲೆಕ್ಕವು ದೋಣಿಯ ಕಂಪನಿಗಳ ಕೈಯಲ್ಲಿದ್ದಿತು. 2017ರ ಬೇಸಗೆಯಲ್ಲಿ ಆ ಮಿತಿಯನ್ನು ಮೀರಿ ಜನರನ್ನು ದ್ವೀಪಕ್ಕೆ ಇಳಿಸಿದ ಸಂಗತಿಯು ಹೊರಬಿದ್ದು ದೊಡ್ಡ ಗದ್ದಲವಾಯಿತು. ಅದರಲ್ಲಿ ಆಶ್ಚರ್ಯಪಡತಕ್ಕದ್ದೇನು? ತಲೆಗೊಂದು ಟಿಕೆಟ್ಟು ಮಾರಿ ಲಾಭ ಪಡೆಯುವವನನ್ನೇ ತಲೆಯೆಣಿಸುವ ಕಾವಲಿಗೆ ನಿಲ್ಲಿಸಿದರೆ, ಬೇಲಿಯೇ ಎದ್ದು ಹೊಲವನ್ನು ಮೇಯುವುದು ಸಹಜ. ಆ ಜನರು ದುಷ್ಟರೆಂದು ಹೇಳಬೇಕಾದ ಕಾರಣವೂ ಇಲ್ಲ. ಬಂದರದಲ್ಲಿ ಮಕ್ಕಳನ್ನೆತ್ತಿಕೊಂಡು ನಿಂತ ಗಿರಾಕಿಗೆ ಇಲ್ಲವೆನ್ನುವುದು ವ್ಯಾಪಾರಿಯ ಧರ್ಮವೇ ಅಲ್ಲ. ತಪ್ಪು ಇದ್ದುದು, ಎಣಿಸುವ ಕೆಲಸವನ್ನೂ ಗಳಿಸುವ ಕೆಲಸವನ್ನೂ ಒಂದೇ ಕೈಗೆ ಒಪ್ಪಿಸಿದ ಏರ್ಪಾಟಿನಲ್ಲಿ. ಮರುವರ್ಷದಿಂದ ಸರ್ಕಾರವು ಎಣಿಕೆಯನ್ನು ತನ್ನ ಕೈಗೆ ತೆಗೆದುಕೊಂಡಿತು. ಬಳಿಕ ಮಿತಿಯನ್ನೂ 1,800ಕ್ಕೆ ಇಳಿಸಿತು. ಎಣಿಸುವವನಿಗೆ ಎಣಿಕೆಯಿಂದ ಲಾಭವಿರಕೂಡದು.

ಇನ್ನು ಬೆಲೆಯ ಬಾಗಿಲನ್ನು ಮೆಚ್ಚುವ ಬುದ್ಧಿವಂತರ ಪಕ್ಷ. ಅವರ ಯುಕ್ತಿಯನ್ನು ಇಂಡೊನೇಷ್ಯ ದೇಶವು ಪರೀಕ್ಷಿಸಿ ನೋಡಹೊರಟಿತು. ದೈತ್ಯಗಾತ್ರದ ಉಡಗಳಿಗೆ ಹೆಸರಾದ ಕೊಮೊಡೊ ರಾಷ್ಟ್ರೀಯ ಉದ್ಯಾನಕ್ಕೂ ದೋಣಿಯಲ್ಲಿಯೇ ಹೋಗಬೇಕು. 2022ರಲ್ಲಿ ಅಲ್ಲಿಯ ಅಧಿಕಾರಿಗಳು, ಜನಸಂದಣಿಯು ಉಡಗಳಿಗೆ ಕೇಡೆಂದು ಹೇಳಿ, ಪ್ರವೇಶಕ್ಕೆ 37.5 ಲಕ್ಷ ರುಪಯ ತೆರಬೇಕೆಂದು ಸಾರಿದರು. ಅಂದಿನ ಲೆಕ್ಕದಲ್ಲಿ ಇದು ಸುಮಾರು 250 ಡಾಲರ್, ಭಾರತದ ಹಣದಲ್ಲಿ ಸುಮಾರು 20 ಸಾವಿರ ರೂಪಾಯಿ. ಆ ವರ್ಷದ ಆಗಸ್ಟಿನ ಮೊದಲ ದಿನಗಳಲ್ಲಿ ಲಬುವಾನ್ ಬಾಜೊ ಬಂದರದಲ್ಲಿ ದೋಣಿಯವರೂ ಮಾರ್ಗದರ್ಶಕರೂ ಕೆಲಸ ನಿಲ್ಲಿಸಿ ಬೀದಿಗಿಳಿದರು. ಆಜ್ಞೆಯು ಮೊದಲು ಮುಂದಕ್ಕೆ ಹೋಯಿತು, ಅನಂತರ ರದ್ದಾಯಿತು. ಇಲ್ಲಿ ವಿಚಾರಿಸಬೇಕಾದುದು ಮುಷ್ಕರದ ಗೆಲವನ್ನಲ್ಲ, ಬೆಲೆಯ ಸ್ವಭಾವವನ್ನು. ಉಡಕ್ಕೆ ತೊಂದರೆಯಾಗುವುದು ಕಾಲುಗಳ ಸಂಖ್ಯೆಯಿಂದಲೇ ಹೊರತು ಕಾಲುಳ್ಳವನ ಕಿಸೆಯಿಂದಲ್ಲ. ಧನಿಕರು ಸಾವಿರ ಮಂದಿ ಬಂದರೂ ಬಡವರು ಸಾವಿರ ಮಂದಿ ಬಂದರೂ ತುಳಿತವು ಒಂದೇ. ಬೆಲೆಯು ಜನರನ್ನು ಎಣಿಸುವುದಿಲ್ಲ, ಆರಿಸುವುದು ಮಾತ್ರ. ಅದೂ ಯಾವ ಗುಣದಿಂದ? ಹಕ್ಕಿಯ ಹೆಸರು ಬಲ್ಲವನೋ, ಮರಳಿನ ಗಿಡವನ್ನು ತುಳಿಯದೆ ನಡೆಯಬಲ್ಲವನೋ ಎಂದು ನೋಡಿಯಲ್ಲ. ನಾಡಿನ ಎಷ್ಟೋ ದೇವಾಲಯಗಳಲ್ಲಿ ವಿಶೇಷ ದರ್ಶನದ ಚೀಟಿಯನ್ನು ಕೊಂಡು, ಬಿಸಿಲಿನಲ್ಲಿ ನಿಂತ ಮುದುಕಿಯರ ಸಾಲನ್ನು ದಾಟಿ ಒಳಹೋಗುವವರನ್ನು ಕಂಡಿರುವ ವಾಚಕರಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ.

ಶುಲ್ಕವೆಂಬುದೇ ಕೂಡದೆಂದು ಇದರ ಅರ್ಥವಲ್ಲ. ಎಕ್ವಡಾರ್ ದೇಶಕ್ಕೆ ಸೇರಿದ ಗಲಾಪಗೋಸ್ ದ್ವೀಪಗಳಲ್ಲಿ 2024ರ ಆಗಸ್ಟಿನಿಂದ ಬಹುಮಂದಿ ಪರದೇಶಿಯರ ಪ್ರವೇಶಶುಲ್ಕವನ್ನು 100 ಡಾಲರಿನಿಂದ 200ಕ್ಕೆ ಏರಿಸಲಾಯಿತು, ಸ್ವದೇಶೀಯರಿಗೆ 30. ಆದರೆ ಅಲ್ಲಿ ದಂಡೆಗಳನ್ನು ಕಾಯುತ್ತಿರುವುದು ಆ ಶುಲ್ಕವಲ್ಲ. ಒಬ್ಬ ಮಾರ್ಗದರ್ಶಕನ ಹಿಂದೆ 16 ಮಂದಿಗಿಂತ ಹೆಚ್ಚು ನಡೆಯಕೂಡದೆಂಬ ಕಟ್ಟಳೆ, ಯಾವ ಹಡಗು ಯಾವ ದಿನ ಯಾವ ದಂಡೆಗೆ ಬರತಕ್ಕದ್ದೆಂದು ಉದ್ಯಾನದವರೇ ಗೊತ್ತುಮಾಡುವ ಪದ್ಧತಿ, ಇವೇ ಕಾಯುವವು. ಕಾವಲಿನ ವೆಚ್ಚಕ್ಕೆಂದು ಕೇಳಿದ ಹಣ ಬೇರೆ, ಕಾವಲಿಗೆ ಬದಲಾಗಿ ಕೇಳಿದ ಹಣ ಬೇರೆ. ಮೊದಲನೆಯದು ತೆರಿಗೆ, ಎರಡನೆಯದು ಹರಾಜು.

ಮಿತಿಯೇ ಬೇಡವೆನ್ನುವವರಿಗೆ ಉತ್ತರವು ಚಿಕ್ಕದು. ಥಾಯ್ಲೆಂಡಿನ ಮಾಯಾ ಕೊಲ್ಲಿಯು 2000ದಲ್ಲಿ ತೆರೆಕಂಡ ಒಂದು ಚಲಚ್ಚಿತ್ರದಿಂದ ಪ್ರಸಿದ್ಧಿಗೆ ಬಂದು, ಗಡ್ಡರಿಕಾಪ್ರವಾಹದಂತೆ, ಮುಂದಿನ ಕುರಿಯ ಹಿಂದೆ ಹಿಂದಿನ ಕುರಿಯೆಂಬ ರೀತಿಯಲ್ಲಿ ನುಗ್ಗಿದ ಸಂಚಾರಿಗಳಿಂದ ದಿನಕ್ಕೆ ಸಾವಿರಗಟ್ಟಲೆ ತುಳಿಸಿಕೊಂಡಿತು. ದೋಣಿಗಳ ಲಂಗರುಗಳಿಗೆ ಹವಳವು ಪುಡಿಯಾಯಿತು. 2018ರ ಜೂನಿನಲ್ಲಿ ಅದನ್ನು ಮುಚ್ಚಲೇಬೇಕಾಯಿತು. ತೆರೆದದ್ದು 2022ರ ಜನವರಿಯಲ್ಲಿ, ದೋಣಿಗಳು ಕೊಲ್ಲಿಯೊಳಕ್ಕೆ ಬರಕೂಡದೆಂಬ ನಿಯಮದೊಡನೆ. ಸಕಾಲದಲ್ಲಿ ಎಣಿಸದ ಬಾಗಿಲನ್ನು ಮೂರು ವರ್ಷಕ್ಕೂ ಮೇಲ್ಪಟ್ಟು ಎಲ್ಲರಿಗೂ ಮುಚ್ಚಬೇಕಾಗಿ ಬಂದಿತು. ದೂರದ ಮಾತೇಕೆ? 2024ರ ಆದಿಯಲ್ಲಿ ಕುಮಾರಪರ್ವತದ ಹಾದಿಯಲ್ಲಿ ಜಾತ್ರೆಯಂತೆ ಜನ ನೆರೆದುದನ್ನು ಕನ್ನಡಿಗರೇ ಕಂಡರಲ್ಲವೆ? ಅದೇ ವರ್ಷ ಕರ್ನಾಟಕದ ಅರಣ್ಯ ಇಲಾಖೆಯವರೂ ಚಾರಣದ ಹಾದಿಗಳಿಗೆ ಮುಂಗಡ ನೋಂದಣಿಯನ್ನೂ ದಿನಕ್ಕೆ 300 ಮಂದಿಯ ಮಿತಿಯನ್ನೂ ಗೊತ್ತುಮಾಡಿದರು.

ಎಣಿಕೆಯ ಬಾಗಿಲು ನಿರ್ದೋಷವೆಂದು ಮಾತ್ರ ಯಾರೂ ವಾದಿಸತಕ್ಕದ್ದಲ್ಲ. 1,800 ಎಂಬುದು ಆಕಾಶವಾಣಿಯಲ್ಲ. ಮನುಷ್ಯರು ಗೊತ್ತುಮಾಡಿದ ಅಂಕ. ಹೆಚ್ಚೆಂದೋ ಕಡಿಮೆಯೆಂದೋ ಚರ್ಚಿಸಲು ಎಲ್ಲರಿಗೂ ಅಧಿಕಾರವಿದೆ. ಅಷ್ಟು ಮಂದಿಯೂ ದೀಪಸ್ತಂಭದ ಗುಡ್ಡವನ್ನು ಹತ್ತದೆ ರೋದಾಸಿನ ಮರಳಿನ ಮೇಲೆಯೇ ಒರಗಿದರೆ ಅಂಕದಿಂದ ಆದ ಉಪಕಾರವು ಅರ್ಧಕ್ಕಿಳಿಯುವುದು. ಜಾಲತಾಣದ ಬಳಕೆಯನ್ನು ಅರಿಯದ ಹಳ್ಳಿಯ ಮುದುಕನಿಗೆ ಸಾಲಿನಲ್ಲಿ ಹಿಂದೆ ಬೀಳುವ ಭಯವುಂಟು. ಅವನ ಸಲುವಾಗಿ ಬಂದರದಲ್ಲಿಯೇ ಕೆಲವು ಸ್ಥಳಗಳನ್ನು ಕಾದಿರಿಸುವುದು ಯುಕ್ತವಾದೀತು. ಎಲ್ಲಕ್ಕಿಂತ ಹೆಚ್ಚಿನ ದೋಷವೋ ಅನುಮತಿಗೆ ಕಾಸಿಲ್ಲವೆಂಬುದರಿಂದಲೇ ಹುಟ್ಟುವುದು. ಬಿಟ್ಟಿಯಾಗಿ ದೊರೆತುದನ್ನು ಮನುಷ್ಯನು ಅಗ್ಗವೆಂದೆಣಿಸುವನು. ಶನಿವಾರಕ್ಕೊಂದು, ಭಾನುವಾರಕ್ಕೊಂದು, ಮಳೆ ಬಂದೀತೆಂದು ಸೋಮವಾರಕ್ಕೊಂದು ಅನುಮತಿಯನ್ನು ಬರೆಸಿಟ್ಟುಕೊಂಡು, ಒಂದು ದಿನ ಮಾತ್ರ ಹೋಗಿ, ಉಳಿದೆರಡನ್ನು ರದ್ದುಮಾಡದೆ ಸುಮ್ಮನಿರುವ ಗೃಹಸ್ಥನು ತಾನು ಯಾರಿಗೂ ಕೇಡು ಮಾಡಿಲ್ಲವೆಂದೇ ನಂಬಿರುವನು. ಆ ಎರಡು ದಿನಗಳೂ ದ್ವೀಪಕ್ಕೆ ಹೋಗಲಾರದೆ ಬಂದರದಲ್ಲಿ ನಿಂತ ಎರಡು ಕುಟುಂಬಗಳ ಲೆಕ್ಕವು ಅವನ ಪುಸ್ತಕದಲ್ಲಿಲ್ಲ. ಈ ಕಳವಿಗೆ ಬೆಲೆಯೇರಿಕೆಯು ಮದ್ದಲ್ಲ. ಬಳಸದ ಅನುಮತಿಯು ತಡಮಾಡದೆ ಸಾಲಿನಲ್ಲಿರುವ ಮುಂದಿನವನಿಗೆ ದೊರೆಯುವಂತೆ ಏರ್ಪಡಿಸಬೇಕು. ಹೇಳದೆ ಕೇಳದೆ ತಪ್ಪಿಸಿಕೊಂಡವನ ಹೆಸರನ್ನು ಆ ಹಂಗಾಮು ಮುಗಿಯುವವರೆಗೆ ಸಾಲಿನ ಕೊನೆಗೆ ಕಳುಹಿಸಬೇಕು. ಅವನ ಕಿಸೆಯು ಎಷ್ಟೇ ದಪ್ಪವಾಗಿದ್ದರೂ ಆ ಕೊನೆಯಿಂದ ಅವನನ್ನು ಮುಂದಕ್ಕೆ ತರುವ ಚೀಟಿಯೊಂದು ಯಾವ ಕಿಟಕಿಯಲ್ಲಿಯೂ ಮಾರಾಟಕ್ಕಿರಕೂಡದು.