ಯಂತ್ರವೂ ಭಾವಚಿಹ್ನೆಯೂ

ಪಾಶ್ಚಾತ್ಯ ಸಂಗೀತವನ್ನು ಮ್ಯೂಸ್‌ಸ್ಕೋರ್ ತಂತ್ರಾಂಶದಲ್ಲಿ ಬರೆಯುವ ಮಕ್ಕಳು, ಮೆಲುದನಿಯನ್ನು ಸೂಚಿಸುವ ‘ಪಿ’ ಅಕ್ಷರವನ್ನು ಬರೆದರೂ ಯಂತ್ರವು ಮೊದಲಿನಂತೆಯೇ ನುಡಿಯಿತೆಂದು ಬೇಸರಗೊಂಡು ಅದನ್ನು ಅಳಿಸಿಬಿಡುವುದುಂಟು. ಇದು ಉಚಿತವಲ್ಲ. ಸಾಮಾನ್ಯ ಬರಹವಾಗಿ ಬರೆದ ಅಕ್ಷರವು ಯಂತ್ರಕ್ಕೆ ಬರಿಯ ಅಕ್ಷರವೇ ಸರಿ. ಚಿಹ್ನೆಗಳ ಪಟ್ಟಿಯಿಂದ ಆರಿಸಿ ಸ್ವರಕ್ಕೆ ಹೊಂದಿಸಿದಾಗ ಅದು ಆಜ್ಞೆಯಾಗುವುದು.

1983ರಲ್ಲಿ ಬಳಕೆಗೆ ಬಂದ ‘ಮಿಡಿ’ ಪದ್ಧತಿಯು ಸ್ವರದ ಬಲವನ್ನು 127ರವರೆಗಿನ ಅಂಕೆಗಳಿಂದ ಅಳೆಯುವುದು. ಈ ತಂತ್ರಾಂಶದ 3ನೆಯ ಆವೃತ್ತಿಯಲ್ಲಿ ಮೆಲುದನಿಗೆ 49, ಗಟ್ಟಿದನಿಗೆ 96. ಕಿವಿಗೊಪ್ಪದಿದ್ದರೆ ಅಂಕೆಯನ್ನು ತಿದ್ದಬಹುದು.

ಚಿಹ್ನೆಯನ್ನು ಮಾತ್ರ ಅಳಿಸಬಾರದು. ವೇದಪುಸ್ತಕದ ಸ್ವರಿತಾನುದಾತ್ತಗಳ ಗೆರೆಗಳಂತೆ ಅದೂ ಮನುಷ್ಯನಿಗಾಗಿಯೇ ಬರೆದುದು. ಯಂತ್ರವು ಬಲವನ್ನಷ್ಟೇ ಬಲ್ಲುದು. ಏಕೆ ಮೆಲ್ಲನೆ ಎಂಬುದನ್ನು ನುಡಿಸುವವನೇ ಅರಿಯಬೇಕು. ಮಕ್ಕಳಿಗೆ ಇದನ್ನು ತಿಳಿಸಿಕೊಡಿರೆಂದು ಗೃಹಸ್ಥರಲ್ಲಿ ನಮ್ಮ ಬಿನ್ನಹ.