ಆಶೀರ್ವದಿಸಿ ಕಳಿಸಿದರೆ ಸಾಕೇ?



ಒಂದು ಸೆಮಿಸ್ಟರ್ ಜರ್ಮನಿಯಲ್ಲಿ ಓದಲು ಹೊರಡುವವರನ್ನು ಪೂಜೆಯ ಕೊನೆಯಲ್ಲಿ ಮುಂದೆ ಕರೆದು ಆಶೀರ್ವದಿಸುತ್ತೇವೆ. ಅಷ್ಟೇ ಸಾಲದು ಎನ್ನುತ್ತೇವೆ ನಾವು.

ಅಲ್ಲಿ ಮನೆ ಸೇರಿದ 2 ವಾರದೊಳಗೆ ಕಚೇರಿಗೆ ಹೋಗಿ ವಿಳಾಸ ನೋಂದಾಯಿಸಬೇಕು. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಶನಿವಾರವೇ ಅಕ್ಕಿ, ಹಾಲು ತಂದಿಡದಿದ್ದರೆ ಉಪವಾಸ. (ತಪಸ್ಸುಕಾಲಕ್ಕೆ ಕಾಯಬೇಕಿಲ್ಲ!) ಪಾಠ ಇಂಗ್ಲಿಷಿನಲ್ಲಿದ್ದರೂ ಬೀದಿಯ ಮಾತು ಜರ್ಮನ್. 1836ರಲ್ಲಿ ಜರ್ಮನಿಯಿಂದ ಮಂಗಳೂರಿಗೆ ಬಂದ ಹರ್ಮನ್ ಮೋಗ್ಲಿಂಗ್ ಕನ್ನಡ ಕಲಿತು 1843ರಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆಯನ್ನೇ ತಂದರು. ನಾವು ಉಪ್ಪು ಕೇಳುವಷ್ಟಾದರೂ ಕಲಿತು ಹೋಗಬಹುದಲ್ಲ?

ಊಟಿಯ ಮಕ್ಕಳಿಗೆ ಚಳಿ ಹೊಸದಲ್ಲ, ಕತ್ತಲೆ ಹೊಸದು. ಡಿಸೆಂಬರ್‌ನಲ್ಲಿ ಅಲ್ಲಿ ಸಂಜೆ ನಾಲ್ಕೂವರೆಗೆಲ್ಲ ಸೂರ್ಯ ಮುಳುಗುತ್ತಾನೆ. ಆಗ ಗೂಡಲೂರಿನಲ್ಲಿ ರಾತ್ರಿ ಒಂಬತ್ತು. ಅಮ್ಮ ಫೋನ್ ಮಾಡಿ, "ಊಟ ಆಯ್ತಾ? ಫೋಟೋ ಕಳಿಸು" ಎನ್ನುತ್ತಾರೆ. ಒಂಟಿತನ ಹೇಳಿಕೊಂಡರೆ "ಇಷ್ಟು ಸಾಲ ಮಾಡಿ ಕಳಿಸಿದ್ದೇವೆ" ಎಂಬ ಉತ್ತರ ಬಂದೀತೆಂದು ಮಕ್ಕಳು ನಗುವ ಫೋಟೋ ಮಾತ್ರ ಕಳಿಸುತ್ತಾರೆ.

ಹೆತ್ತವರೇ, ಆ ಹೊತ್ತಿನಲ್ಲಿ ದುಡ್ಡಿನ ಲೆಕ್ಕ ಬೇಡ. "ಬೇಜಾರಾಗಿದೆಯಾ?" ಎಂದು ನೀವೇ ಕೇಳಿ, ಸುಮ್ಮನೆ ಕೇಳಿಸಿಕೊಳ್ಳಿ. ಯುವಕೂಟದಿಂದ ವಾರಕ್ಕೊಬ್ಬರಾದರೂ ಸರದಿಯಂತೆ ಫೋನ್ ಮಾಡೋಣ. ಪರೀಕ್ಷೆಯ ಬಗ್ಗೆ ಅಲ್ಲ, ಊರಿನ ಮಳೆ, ಕ್ರಿಸ್ಮಸ್ ಗೋದಲಿಯ ಬಗ್ಗೆ.