ಬಸುರಿಯ ಕಾಲಿಗೊಂದು ಸ್ಟೂಲು

ಎಷ್ಟೋ ಮನೆಗಳಲ್ಲಿ ಬಸಿರಿನ ಬಾವು ಮೊದಲು ಕಣ್ಣಿಗೆ ಬೀಳುವುದು ಸೀಮಂತದ ದಿನ. ಮದುವೆಯಲ್ಲಿ 2.4ರ ಬಳೆ ಸಲೀಸಾಗಿ ಏರಿದ ಕೈಗೆ ಈಗ 2.6 ಕೂಡ ಹೆಬ್ಬೆರಳ ಬುಡ ದಾಟುವುದಿಲ್ಲ. ಸೋಪು ಹಚ್ಚಿ ನೋಡಿದರೂ ಒಂದೆರಡು ಹಸಿರು ಬಳೆ ಚಟ್ಟನೆ ಒಡೆಯುತ್ತವೆ. ಕೆಳಗೆ ನೋಡಿದರೆ ಕಾಲುಂಗುರ ಬೆರಳಿನ ಮಾಂಸದಲ್ಲಿ ಹೂತುಹೋಗಿದೆ. “ಬಸುರೀಲಿ ಕೈಕಾಲು ಊದೋದು ಇದ್ದದ್ದೇ ಬಿಡು” ಎಂದು ಹಿರಿಯರು ಆರತಿ ತಟ್ಟೆ ಎತ್ತಿಕೊಳ್ಳುತ್ತಾರೆ.

ಹಿರಿಯರ ಮಾತು ಬಹುಪಾಲು ನಿಜ. ಬಸಿರಿನಲ್ಲಿ ಮೈಯ ರಕ್ತ ಹೆಚ್ಚುಕಡಿಮೆ ಒಂದೂವರೆ ಪಟ್ಟಾಗುತ್ತದೆ. ಒಟ್ಟು ಆರೆಂಟು ಲೀಟರ್ ನೀರು ಹೆಚ್ಚುವರಿಯಾಗಿ ಮೈಯಲ್ಲಿ ನಿಲ್ಲುತ್ತದೆ. ಬೆಳೆದ ಗರ್ಭಕೋಶ, ಕಾಲಿನಿಂದ ಹೃದಯಕ್ಕೆ ರಕ್ತ ಒಯ್ಯುವ ದೊಡ್ಡ ನಾಳವನ್ನು ಒತ್ತುತ್ತದೆ. ಬೆಳಗ್ಗೆ ಸರಿಯಾಗಿದ್ದ ಪಾದ ಸಂಜೆಗೆ ಚಪ್ಪಲಿಗೆ ಹಿಡಿಸದಿರುವುದು, ಗೆಣ್ಣಿನ ಮೇಲೆ ಒತ್ತಿದರೆ ಕುಳಿ ಬೀಳುವುದು ಇದರಿಂದಲೇ. ಆ ನಾಳ ಬೆನ್ನುಮೂಳೆಯ ಬಲಕ್ಕಿದೆ. ಎಡಮಗ್ಗುಲಾಗಿ ಮಲಗಿ ಎನ್ನುವುದು ಅದಕ್ಕೇ.

ಮನೆಯಲ್ಲಿ ಮಾಡಬಹುದಾದ್ದು ಕಷ್ಟದ್ದೇನಲ್ಲ. ಕಾಲಡಿ ದಿಂಬಿಟ್ಟು ಮಲಗುವುದು, ಕೂತಲ್ಲೇ ಪಾದ ತಿರುಗಿಸುವುದು, ಆಗಾಗ ನಾಲ್ಕು ಹೆಜ್ಜೆ ನಡೆಯುವುದು. ಉಂಗುರ, ಕಾಲುಂಗುರಗಳನ್ನು ಬಿಗಿಯಾಗುವ ಮೊದಲೇ ತೆಗೆದಿಡಬೇಕು. ಅಪಶಕುನವೆಂದು ಹೆದರಿ ಕೂತರೆ ಕೊನೆಗೆ ಕತ್ತರಿಸಿಯೇ ತೆಗೆಯಬೇಕಾದೀತು. ನೀರು ಕುಡಿಯುವುದನ್ನು ನಿಲ್ಲಿಸಿ ಎನ್ನುವ ಸಲಹೆ ಮಾತ್ರ ಪೂರ್ತಿ ತಪ್ಪು. ಬಾವು ಇಳಿಯಲೆಂದು ಮೂತ್ರ ಹೆಚ್ಚಿಸುವ ಮಾತ್ರೆಯನ್ನು ವೈದ್ಯರು ಹೇಳದೆ ಅಂಗಡಿಯಿಂದ ತಂದು ನುಂಗುವುದು ಅದಕ್ಕಿಂತ ಅಪಾಯ.

“ಇದ್ದದ್ದೇ ಬಿಡು” ಎನ್ನಬಾರದ ಬಾವೂ ಇದೆ. ಮುಖ ಮತ್ತು ಕೈ ಒಮ್ಮೆಲೇ ಊದಿಕೊಂಡು, ಜೊತೆಗೆ ಬಿಡದ ತಲೆನೋವು, ಕಣ್ಣು ಮಂಜಾಗುವುದು, ಪಕ್ಕೆಲುಬಿನ ಕೆಳಗೆ ನೋವು ಕಂಡರೆ ಅದು ಬಸಿರಿನ ಬಿಪಿ ಕಾಯಿಲೆ ಇರಬಹುದು. ತಡ ಮಾಡಿದರೆ ಫಿಟ್ಸ್ ಬಂದು ತಾಯಿ, ಮಗು ಇಬ್ಬರ ಜೀವಕ್ಕೂ ಕುತ್ತು. ಒಂದೇ ಕಾಲು ಊದಿ ನೋಯುತ್ತಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿದ ಶಂಕೆ. ಆಗಲೂ ಆಸ್ಪತ್ರೆಗೆ ಅಂದೇ ಹೋಗಬೇಕು. ಬಾವು ನೋಡಿದರೆ ಸಾಲದು, ಬಿಪಿ ಅಳೆಯಬೇಕು. 140/90 ದಾಟಿದರೆ ಅದು ಮನೆಮದ್ದಿನ ವಿಷಯವಲ್ಲ. ತಾಯಿ ಕಾರ್ಡಿನಲ್ಲಿ ಬರೆದ ಆ ಅಂಕಿಯನ್ನು ಗಂಡನಿಗೂ ಅತ್ತೆಗೂ ಬಿಡಿಸಿ ಹೇಳಬೇಕು.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. “ಕಾಲು ಎತ್ತಿಟ್ಟು ಕೂತ್ಕೊಳ್ಳಿ” ಎಂದು ಡಾಕ್ಟರು ಹೇಳುತ್ತಾರೆ, ಎಲ್ಲಿ ಕೂರಬೇಕು? ಬಟ್ಟೆ ಅಂಗಡಿಯಲ್ಲಿ ಬೆಳಗ್ಗೆಯಿಂದ ರಾತ್ರಿವರೆಗೆ ಸೀರೆ ಬಿಚ್ಚಿ ತೋರಿಸುವವಳು, ಗಾರ್ಮೆಂಟ್ಸ್‌ನ ಚೆಕಿಂಗ್ ಟೇಬಲ್ ಮುಂದೆ ನಿಲ್ಲುವವಳು ಎಡಮಗ್ಗುಲಾಗುವುದು ರಾತ್ರಿ ಮಾತ್ರ. 1948ರ ಕಾರ್ಖಾನೆ ಕಾಯ್ದೆಯೇ ನಿಂತು ದುಡಿಯುವವರಿಗೆ ಕೂರುವ ವ್ಯವಸ್ಥೆ ಇರಬೇಕೆಂದಿತ್ತು. ಅಂಗಡಿಗಳಲ್ಲಿ ಕೂರುವ ಹಕ್ಕಿಗಾಗಿ ಕೇರಳದ ಹೆಣ್ಣುಮಕ್ಕಳು ವರ್ಷಗಟ್ಟಲೆ ಹೋರಾಡಿ 2018ರಲ್ಲಿ ಕಾನೂನು ತಿದ್ದಿಸಿದರು. 2021ರಲ್ಲಿ ತಮಿಳುನಾಡೂ ಅದೇ ದಾರಿ ಹಿಡಿಯಿತು.

ಬಸುರಿಯರ ಬಗ್ಗೆ 1961ರ ಹೆರಿಗೆ ಸೌಲಭ್ಯ ಕಾಯ್ದೆ ಬರೆದದ್ದು ಇನ್ನೂ ಇಕ್ಕಟ್ಟಿನದು. ಬಹಳ ಹೊತ್ತು ನಿಲ್ಲುವ ಕೆಲಸ ಬೇಡವೆಂದು ಅವಳು ತಾನಾಗಿ ಕೇಳಬೇಕು. ಅದೂ ಹೆರಿಗೆಗೆ ಹತ್ತು ವಾರದಷ್ಟು ಬಾಕಿ ಇರುವಾಗ. ಕಾಲು ಅಲ್ಲಿಯವರೆಗೆ ಕಾಯುತ್ತದೆಯೇ? ಕೆಲಸ ಹೋದೀತೆಂಬ ಭಯದಲ್ಲಿರುವವಳು ಬಾಯಿಬಿಟ್ಟು ಕೇಳುತ್ತಾಳೆಯೇ? ಕೇಳುವ ಹೊರೆ ಅವಳ ಮೇಲಿರಬಾರದು. ಐದನೇ ತಿಂಗಳಿಗೇ ಸೂಪರ್‌ವೈಸರ್ ತಾವಾಗಿ ಕುರ್ಚಿ, ಕಾಲಿಡಲು ಒಂದು ಸ್ಟೂಲು ತಂದಿಡಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರತಿ ತಿಂಗಳ 9ರಂದು ಬಸುರಿಯರಿಗೆ ಉಚಿತ ತಪಾಸಣೆ ನಡೆಯುತ್ತದೆ. ಆ ದಿನ ಸಂಬಳ ಹಿಡಿಯದೆ ಅವಳನ್ನು ಬಿಪಿ ತೋರಿಸಿಕೊಂಡು ಬರಲು ಕಳಿಸಬೇಕು.